ಡಿಶ್ಶಿಗೊಂದು ಮುಸುಕು

"ನಿಮ್ಮ ಕವರು ಹಾರ್ಹೋಯ್ತು ಕಣ್ರೀ," ಎನ್ನುತ್ತ ಲತಾಮಣಿ ಹರಿದ ಕ್ಯಾನ್ವಾಸನ್ನು ತಂದು ಹೊಲಿಗೆ ಮಿಷನ್ನಿನ ಮೇಲೆಯೇ ಹಾಕಿದಳು.

ಅರಸೀಕೆರೆಯ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿದುಕೊಡುವ ಭೀಮರಾಜ್ ಪೆಡಲಿನ ಮೇಲಿಂದ ಕಾಲು ತೆಗೆದ. ಮೊದಲು ಕ್ಯಾನ್ವಾಸ್ ನೋಡಿದ, ಆಮೇಲೆ ಅವಳನ್ನು ನೋಡಿದ. ಕ್ಯಾನ್ವಾಸಿಗೆ ಒಂದು ಗಳಿಗೆ ಸಾಕಾಯಿತು, ಅವಳಿಗೆ ಸಾಕಾಗಲಿಲ್ಲ.

"ನನ್ ಕವರ್ ಹಾರಾಕಿಲ್ಲ ಮೇಡಂ," ಎಂದ ತಣ್ಣಗೆ.

"ಹಾರದೆ ಮತ್ತೇನು, ಬಾಣಾವರದಿಂದ ನಡ್ಕೊಂಡು ಬಂತಾ?"

"ನಡ್ಕೊಂಡು ಬಂದಿರೋದು ನೀವು. ವ್ಯಾನ್ ಎಲ್ಲೈತೆ?"

ಲತಾಮಣಿಗೆ ಸಿಟ್ಟು ನೆತ್ತಿಗೇರಿತು. ಜೊತೆಗೇ, ಈ ಮನುಷ್ಯನ ಕಣ್ಣಂಚಿನಲ್ಲಿ ನಗು ಇದೆಯಲ್ಲ ಎಂಬುದೂ ಕಂಡಿತು. ಎರಡನ್ನೂ ಒಟ್ಟಿಗೆ ನಿಭಾಯಿಸಲಾಗದೆ ಬೀದಿಯ ಕೊನೆಗೆ ಕೈ ತೋರಿಸಿದಳು.

ಅಲ್ಲಿ ಬೇವಿನ ಮರದಡಿ ನಿಂತಿತ್ತು ಆ ಬಿಳಿ ಕ್ಯಾಂಪರ್ ವ್ಯಾನು. ಒಳಗೆ ಎರಡು ಮಂಚ, ಒಂದು ಸ್ಟವ್, ಒಂದು ಟಿ.ವಿ. ಪರದೆ, ಮೇಲೆ ಮಗುಚುವ ಡಿಶ್ಶು. ಒಂದು ಟ್ರಸ್ಟಿನವರು ಕಳಿಸಿದ ಆಸ್ಪತ್ರೆ ವ್ಯಾನದು. ಹಳ್ಳಿಯಲ್ಲಿ ನಿಲ್ಲಿಸಿ ಡಿಶ್ಶು ಬಿಚ್ಚಿದರೆ ಮೈಸೂರಿನ ಡಾಕ್ಟರು ಪರದೆಯ ಮೇಲೆ ಬಂದು ರೋಗಿಯನ್ನು ಮಾತಾಡಿಸುತ್ತಿದ್ದರು. 2005ರಲ್ಲಿ ಅದು ದೊಡ್ಡ ಸೋಜಿಗ. ಜನ ಡಿಶ್ಶಿಗೆ ಮೊರ ಎಂದು ಹೆಸರಿಟ್ಟು, ವ್ಯಾನನ್ನು ಮೊರದ ವ್ಯಾನು ಮಾಡಿಕೊಂಡಿದ್ದರು. ಅದನ್ನು ನಡೆಸುವ ಟೆಕ್ನಿಷಿಯನ್ನು ನಮ್ಮ ಲತಾಮಣಿ, ಓಡಿಸುವವನು ಹೊನ್ನಯ್ಯ. ಹದಿನೈದು ದಿನದ ಹಿಂದೆ ಭೀಮರಾಜನಿಂದ ಕವರು ಹೊಲಿಸಿ ತಂದವನೂ ಅವನೇ.

ಭೀಮರಾಜ್ ಏಣಿ ಹತ್ತಿ ಮೇಲೆ ಹೋದ. ಲತಾಮಣಿಯೂ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು ಹಿಂದೆಯೇ ಹತ್ತಿದಳು. ತನ್ನ ಡಿಶ್ಶನ್ನು ಬೇರೆಯವರು ಮುಟ್ಟಿದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ.

"ಕವರಿನ ಬಾಯಿ ಯಾವ ಕಡೆ ಇಟ್ಟಿದ್ರಿ?" ಎಂದು ಕೇಳಿದ.

"ಮುಂದಕ್ಕೆ. ಬಿಚ್ಚೋಕೆ ಸುಲಭ ಅಂತ ನಾನೇ ಹೇಳಿ ಕಟ್ಟಿಸ್ದೆ."

ಕೆಳಗಿದ್ದ ಹೊನ್ನಯ್ಯ ಯಾಕೋ ಬೇವಿನ ಮರದ ಎಲೆ ಎಣಿಸತೊಡಗಿದ.

"ಮನೆಗೆ ಹೆಂಚು ಹೊದಿಸೋರು ಮೇಲಿನ ಹೆಂಚನ್ನ ಕೆಳಗಿನದರ ಮೇಲೆ ಇಡ್ತಾರಲ್ವಾ? ಉಲ್ಟಾ ಇಟ್ರೆ ಏನಾಯ್ತದೆ?"

"ಮಳೆ ಒಳಕ್ಕೆ ಬರುತ್ತೆ."

"ಗಾಳೀನೂ ಹಂಗೇಯ. ವ್ಯಾನ್ ಓಡೋವಾಗ ಗಾಳಿಗೆ ಎದುರಾಗಿ ಬಾಯಿ ಬಿಟ್ರೆ ಅದು ಒಳಕ್ಕೆ ಹೊಕ್ಕಿ ಊದಿಬಿಡ್ತದೆ. ಬಾಯಿ ಹಿಂದಕ್ಕಿರಬೇಕು ಮೇಡಂ. ಕೊಬ್ಬರಿ ಲೋಡಿಗೆ ಟಾರ್ಪಾಲು ಹಾಕೋ ಹಮಾಲರು ಕಣ್ಣು ಮುಚ್ಕೊಂಡು ಹೇಳ್ತಾರೆ ಇದನ್ನ."

ಲತಾಮಣಿಗೆ ಕಿವಿ ಬಿಸಿಯಾಯಿತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡವಳು, ಆಕಾಶದಲ್ಲಿರುವ ಉಪಗ್ರಹವನ್ನು ಕೂದಲೆಳೆಯಷ್ಟು ತಪ್ಪದೆ ಹಿಡಿಯುವವಳು, ಚೀಲದ ಬಾಯಿ ಯಾವ ಕಡೆ ಇಡಬೇಕೆಂದು ತಿಳಿಯದೆ ಹೋಗಿದ್ದಳು. ಆದರೂ ಅವಳು ಜಾರಿಕೊಳ್ಳುವ ಪೈಕಿಯಲ್ಲ.

"ತಪ್ಪು ನಂದೇ," ಎಂದಳು. "ಬೈದಿದ್ದಕ್ಕೆ ಸಾರಿ."

ಭೀಮರಾಜ್ ಈಗ ಬಾಯಿ ತುಂಬ ನಕ್ಕ. "ತಪ್ಪು ಒಪ್ಕೊಂಡ ಗಿರಾಕಿ ನಮ್ಮಂಗಡಿಗೆ ಇದೇ ಮೊದ್ಲು. ಕೂತ್ಕಳಿ, ನೋಡೋಣ."

ಆ ನಗೆಗೋ, ಆ "ಕೂತ್ಕಳಿ"ಗೋ, ಅವಳಿಗೆ ಎಲ್ಲ ಹೇಳಿಬಿಡಬೇಕೆನಿಸಿತು. ವ್ಯಾನಿನ ಮೇಲೆಯೇ ಕೂತು ಹೇಳಿದಳು. ಡಿಶ್ಶು ಮೊದಲ ಸಲ ಮಾದಿಹಳ್ಳಿಯಲ್ಲಿ ಆಲದ ಕೊಂಬೆಗೆ ತಗುಲಿ ಮುರಿದಿತ್ತು. ನಿನ್ನೆ ಕವರು ಊದಿಕೊಂಡು ಎಳೆದ ಎಳೆತಕ್ಕೆ ಬುಡದ ಚಿಲಕ ಕಿತ್ತುಬಂದಿತ್ತು. ಇನ್ನೊಂದು ಸಲ ಏನಾದರೂ ಆದರೆ ವ್ಯಾನನ್ನು ವಾಪಸ್ ಕರೆಸಿಕೊಂಡು ಬೇರೆ ಜಿಲ್ಲೆಗೆ ಕಳಿಸುತ್ತೇವೆ ಎಂದು ಆಫೀಸಿನವರು ಬರೆದಿದ್ದರು.

"ಇಲ್ಲಿ ಗಾಳಿ ಜಾಸ್ತಿಯಂತೆ. ನಮ್ಮ ಡಿಶ್ಶು ತಡೆಯಲ್ಲವಂತೆ. ಆಷಾಢ ದಾಟಿಸಿ ತೋರಿಸಿದ್ರೆ ಇನ್ನೊಂದು ವರ್ಷ ಇಲ್ಲೇ ಬಿಡ್ತಾರಂತೆ."

"ನಿಮಗೆ ಇಲ್ಲೇ ಇರಬೇಕಾ?"

"ಬಾಣಾವರ ನಮ್ಮೂರು ಕಣ್ರೀ. ನಮ್ಮಮ್ಮನ ವಯಸ್ಸಿನೋರು ಬಂದು, ಮೊರದವ್ವ, ನನ್ನ ಮಂಡಿ ನೋಡವ್ವ ಅಂತಾರೆ. ಬಿಟ್ಟು ಹೋಗೋಕೆ ಮನಸ್ಸು ಬರಲ್ಲ."

ಭೀಮರಾಜ್ ಡಿಶ್ಶಿನ ಅಂಚನ್ನು ಬೆರಳಿನಲ್ಲಿ ಸವರಿ ನೋಡಿದ. "ಎರಡು ದಿನ ವ್ಯಾನ್ ಇಲ್ಲೇ ಬಿಡಿ," ಎಂದ.

ಎರಡು ದಿನ ನಾಲ್ಕಾಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಇಲ್ಲಿ ಕಳ್ಳರು ಇಬ್ಬರಿದ್ದರು.

ಅವನ ಕೆಲಸ ನೋಡುವುದೇ ಒಂದು ಚಂದ. ಡಿಶ್ಶನ್ನು ಮಗುಚಿ ಮಲಗಿಸಿದಾಗ ತಗಡಿಗೆ ಕುಟ್ಟದಂತೆ ಲಾರಿ ಟ್ಯೂಬನ್ನು ಕೊಯ್ದು ಹಾಸಿಗೆ ಮಾಡಿದ. ಬುಡದ ಚಿಲಕಕ್ಕೆ ಬೆರಳು ದಪ್ಪದ ಪಿನ್ನು ಹಾಕಿ, ಅದು ಜಿಗಿಯದಂತೆ ಕ್ಲಿಪ್ಪು ಸಿಕ್ಕಿಸಿದ. ಡಿಶ್ಶಿನ ಮುಂದೆ ಚಾಚಿಕೊಂಡಿರುವ, ಸಿಗ್ನಲ್ ಹಿಡಿಯುವ ಮೂತಿಯನ್ನು ಮಾತ್ರ ಪ್ರಯಾಣದಲ್ಲಿ ಬಿಚ್ಚಿ ಒಳಗಿಡಲೇಬೇಕೆಂದು ಹಟ ಹಿಡಿದ.

"ದಿನಾ ಬಿಚ್ಚಿ ದಿನಾ ಹಾಕ್ಬೇಕಾ?"

"ಮೂಗುತಿ ಬಿಚ್ಚಿಟ್ಟು ಮಲಗಲ್ವಾ ನೀವು?"

"ನಾನು ಮೂಗುತಿ ಹಾಕಲ್ಲ."

"ಅದನ್ನ ನೋಡಿವ್ನಿ," ಎಂದುಬಿಟ್ಟು, ತಾನೇ ನಾಚಿ ಸೂಜಿಗೆ ದಾರ ಪೋಣಿಸತೊಡಗಿದ. ಆ ದಾರ ಮೂರು ಸಲ ತಪ್ಪಿತು. ಲತಾಮಣಿ ಮುಖ ತಿರುಗಿಸಿಕೊಂಡು ನಕ್ಕಳು.

ಹೊಸ ಕವರಿಗೆ ಎರಡು ಪದರ ಕ್ಯಾನ್ವಾಸು ಹಾಕಿದ. ಡಿಶ್ಶಿನ ಮೈಗೆ ಅಂಟಿ ಕೂರುವಂತೆ, ಎಲ್ಲೂ ಪಟಪಟ ಅನ್ನದಂತೆ ಅಂಚಿಗೆ ಹಗ್ಗ ಓಡಿಸಿದ. "ಕವರ್ ಸಡ್ಲ ಇದ್ರೆ ಗಾಳಿಗೆ ಬಡ್ಕೊಂಡು ಬಡ್ಕೊಂಡು ಅದೇ ಡಿಶ್ಶನ್ನ ಕೊಲ್ತದೆ," ಎಂದ. ವ್ಯಾನು ನಿಂತು ಡಿಶ್ಶು ಬಿಚ್ಚಿದಾಗ ಬಳಸಲು ಬೇರೆ ನಾಲ್ಕು ಹಗ್ಗ. ಡಿಶ್ಶಿನ ಅಂಚಿನ ನಾಲ್ಕು ಕಡೆಯಿಂದ ವ್ಯಾನಿನ ಮೇಲಿನ ಕಂಬಿಗೆ. ಅವನ್ನು ಕಟ್ಟಲು ಲಾರಿ ಗಂಟು ಕಲಿಸಿದ. ಎಳೆದಷ್ಟೂ ಬಿಗಿಯಾಗಬೇಕು, ಬೇಕೆಂದಾಗ ಒಂದೇ ಜಗ್ಗಿಗೆ ಬಿಚ್ಚಬೇಕು, ಅದು ಲಾರಿ ಗಂಟು.

ಅವಳಿಗೆ ಗಂಟು ಬರಲಿಲ್ಲ. ಅಂದರೆ, ಎರಡನೇ ಸಲಕ್ಕೇ ಬಂದಿತ್ತು. ಆದರೆ ಗಂಟು ತಪ್ಪಿದಾಗಲೆಲ್ಲ ಅವನು ಅವಳ ಬೆರಳನ್ನು ಹಿಡಿಯದೆ, ಹಗ್ಗವನ್ನು ಮಾತ್ರ ಹಿಡಿದು, ಅವಳ ಬೆರಳಿನ ಸುತ್ತ ಅದನ್ನು ಸುತ್ತಿಸಿ ತೋರಿಸುತ್ತಿದ್ದ. ಅಷ್ಟು ಹತ್ತಿರ ಬಂದೂ ಮುಟ್ಟದ ಆ ಕೈಗಳ ಮರ್ಯಾದೆ ಅವಳಿಗೆ ತುಂಬ ಇಷ್ಟವಾಯಿತು. ಆರನೇ ಸಲವೂ ತಪ್ಪು ಗಂಟೇ ಹಾಕಿದಳು.

"ಬುದ್ಧಿವಂತ್ರು ಅಂದ್ಕೊಂಡಿದ್ದೆ," ಎಂದ ಭೀಮರಾಜ್.

"ಮೇಷ್ಟ್ರು ಸರಿ ಇಲ್ಲ," ಎಂದಳು ಲತಾಮಣಿ.

ವ್ಯಾನು ಹೊರಟ ದಿನ, ಮೊಬೈಲಿನಲ್ಲಿ ಒಂದು ಏರ್ಪಾಡಾಯಿತು. ಊರು ತಲುಪಿದ ಮೇಲೆ ಡಿಶ್ಶು ನೆಟ್ಟಗಿದ್ದರೆ ಒಂದು ಮಿಸ್ಡ್ ಕಾಲ್, ತೊಂದರೆಯಾಗಿದ್ದರೆ ಎರಡು. ಇದು ಬರೀ ಡಿಶ್ಶಿನ ಕ್ಷೇಮಕ್ಕಾಗಿ ಎಂದು ಇಬ್ಬರೂ ಗಂಭೀರವಾಗಿ ಒಪ್ಪಿಕೊಂಡರು. ಹಗರೆಯಿಂದ ಒಂದು, ಬೇಲೂರಿನಿಂದ ಒಂದು, ಹಳೇಬೀಡಿನಿಂದ ಒಂದು. ಕರೆ ಕತ್ತರಿಸಿದ ಮೇಲೂ ಅವಳು ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ವಾರಕ್ಕೊಮ್ಮೆ ಅರಸೀಕೆರೆಗೆ ಬಂದಾಗ ಟ್ಯೂಬು ಸವೆದಿದೆಯಾ ನೋಡಿ ಅನ್ನುವಳು. ಸವೆದಿರುತ್ತಿರಲಿಲ್ಲ. ಅವನು ಅರ್ಧ ಗಂಟೆ ನೋಡುತ್ತಿದ್ದ.

ಹಾಗಾದರೆ ಬಾಯಿಬಿಟ್ಟು ಹೇಳುವುದಕ್ಕೇನು ಅಡ್ಡಿ ಎಂದು ನೀವು ಕೇಳುತ್ತೀರಿ. ಅಡ್ಡಿ ಆಷಾಢ.

ಆಷಾಢದಲ್ಲಿ ಮದುವೆಯ ಮಾತು ಎತ್ತಬಾರದು ಎನ್ನುತ್ತಾರಲ್ಲ. ಲತಾಮಣಿ ತಾನಾಗಿ ಅದನ್ನೆಲ್ಲ ಲೆಕ್ಕಕ್ಕಿಟ್ಟವಳಲ್ಲ. ಆದರೆ ಭೀಮರಾಜನ ಅಂಗಡಿಯ ಬಾಗಿಲಿಗೆ ಪ್ರತಿ ವಾರ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು. ಒಂದು ದಿನ ಅಂಗಡಿಯ ಮಾಲೀಕ ದೇವೀರಪ್ಪ, ಯಾರೋ ಗಿರಾಕಿಗೆ, "ಈ ಬಾಗ್ಲಲ್ಲಿ ಆಷಾಢ ಮುಗಿಯೋಗಂಟ ಶುಭದ ಮಾತು ಆಡಂಗಿಲ್ಲ ಕಣಪ್ಪ" ಎಂದದ್ದನ್ನೂ ಅವಳು ಕೇಳಿಸಿಕೊಂಡಿದ್ದಳು. ಭೀಮರಾಜನ ಮನೆಯವರೂ ಹೀಗೇ ಇಷ್ಟೆಲ್ಲ ನೋಡುವವರಾದರೆ, ಹುಡುಗಿ ತಾನೇ ಬಂದು ಅಪಶಕುನದಲ್ಲಿ ಮಾತೆತ್ತಿದಳು ಎಂದುಕೊಂಡಾರು. ಬೇಡಪ್ಪ, ಶ್ರಾವಣ ಬರಲಿ ಎಂದುಕೊಂಡಳು.

ಅವನೂ ಏನೂ ಹೇಳುತ್ತಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದು, "ಶ್ರಾವಣ ಬರ್ಲಿ, ಒಂದು ಮಾತೈತೆ," ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದ. ಅವಳ ಅನುಮಾನಕ್ಕೆ ಅದೇ ಸಾಕ್ಷಿಯಾಯಿತು.

"ಗಾಳಿ ಬಂದಾಗ ತೂರ್ಕೋಬೇಕು ಕಣವ್ವ," ಎಂದು ಹೊನ್ನಯ್ಯ ಒಮ್ಮೆ ಸ್ಟೇರಿಂಗಿನ ಹಿಂದಿನಿಂದ ಗೊಣಗಿದ.

"ಅಣ್ಣ, ರೋಡ್ ನೋಡಿ," ಎಂದಳು ಅವಳು.

ಆದರೆ ಅವಳ ಭಯ ಈಗ ಬೇರೆಯಾಗಿತ್ತು. ಮೊದಲು ಡಿಶ್ಶು ಮುರಿದರೆ ಊರು ತಪ್ಪುತ್ತದೆ ಎಂಬ ಚಿಂತೆ ಮಾತ್ರ ಇತ್ತು. ಈಗ ಡಿಶ್ಶು ಮುರಿದರೆ ಅವನು ತಪ್ಪುತ್ತಾನೆ. ಶ್ರಾವಣ ಬರುವುದರೊಳಗೆ ವ್ಯಾನು ಬೇರೆ ಜಿಲ್ಲೆಗೆ ಹೋಗಿಬಿಟ್ಟರೆ, ಹೇಳದ ಮಾತು ಹೇಳದೆಯೇ ಉಳಿಯುತ್ತದೆ. ಗಾಳಿಯ ಸದ್ದು ಕೇಳಿದರೆ ಸಾಕು, ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಆಷಾಢದ ಕೊನೆಯ ವಾರ ಮಾದಿಹಳ್ಳಿಯ ಸರದಿ. ಭೀಮರಾಜ್ ಹೇಳಿಕೊಟ್ಟಂತೆ ವ್ಯಾನನ್ನು ಶಾಲೆಯ ಗೋಡೆಯ ಮರೆಗೆ ನಿಲ್ಲಿಸಿದರು, ಪಡುವಲ ಗಾಳಿಗೆ ಗೋಡೆ ಅಡ್ಡವಾಗುವಂತೆ. ಬೆಳಿಗ್ಗೆ ಹತ್ತಕ್ಕೇ ತೆಂಗಿನ ಮರಗಳು ಒಂದೇ ಕಡೆ ತಲೆ ಬಾಗಿಸತೊಡಗಿದವು. ಗಾಳಿ ಗೋಡೆಯ ಮೇಲಿಂದ ಹಾರಿ ಇಳಿಯುತ್ತಿತ್ತು. ಒಂದು ಹಗ್ಗದ ಕೊಕ್ಕೆ ಬಾಗಿದ್ದು ಕಂಡು ಲತಾಮಣಿ ಎರಡು ಮಿಸ್ಡ್ ಕಾಲ್ ಕೊಟ್ಟಳು. ಇಷ್ಟು ದಿನದಲ್ಲಿ ಅದೇ ಮೊದಲು.

ಹನ್ನೊಂದೂವರೆಗೆ ಎಲ್ಲ ಮಡಚಿಬಿಡೋಣ ಎನ್ನುವಷ್ಟರಲ್ಲಿ ಕೆಂಪಲಕ್ಷ್ಮಮ್ಮನನ್ನು ಮಗ ಸತೀಶ್ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಮುದುಕಿ ಎದೆ ಹಿಡಿದುಕೊಂಡಿದ್ದಳು, ಮೈಯೆಲ್ಲ ಬೆವರು.

"ಬೆಳಗಿನಿಂದ ನೋವಂತೆ ಮೇಡಂ. ಹಾಸನಕ್ಕೆ ಕರ್ಕೊಂಡು ಹೋಗ್ಲಾ, ಏನು ಮಾಡ್ಲಿ?"

ಮೇಲೆ ಡಿಶ್ಶು ನಡುಗುವ ಸದ್ದು ಕೇಳುತ್ತಿತ್ತು. ಹೊನ್ನಯ್ಯ ಬಾಗಿಲಲ್ಲಿ ನಿಂತು, "ಮಡಚದಿದ್ರೆ ಇವತ್ತು ಹೋಯ್ತದೆ ಕಣವ್ವ," ಎಂದ. ಅವನ ಮಾತು ಸುಳ್ಳಲ್ಲ. ಮಡಚಿದರೆ ಡಿಶ್ಶು ಉಳಿಯುತ್ತದೆ, ವ್ಯಾನು ಉಳಿಯುತ್ತದೆ, ಭೀಮರಾಜ್ ಉಳಿಯುತ್ತಾನೆ. ಕೆಂಪಲಕ್ಷ್ಮಮ್ಮ ಅವಳ ಮುಂಗೈ ಹಿಡಿದು, "ಮೊರದವ್ವ, ನಂಗೇನಾಯ್ತದೆ?" ಎಂದಳು.

"ಏನೂ ಆಗಲ್ಲ ಅಜ್ಜಿ, ಮಲಕ್ಕೊಳ್ಳಿ," ಎಂದಳು ಲತಾಮಣಿ. ಹೊನ್ನಯ್ಯನ ಕಡೆ ತಿರುಗಿ, "ಡಿಶ್ಶು ಹೋದ್ರೆ ಹೋಗ್ಲಿ," ಎಂದಳು. ಹೇಳುವಾಗ ಅವಳಿಗೆ ಅಳು ಬಂದಿತ್ತು. ಆದರೂ ಇ.ಸಿ.ಜಿ. ವೈರುಗಳನ್ನು ಒಂದೊಂದಾಗಿ ಹಚ್ಚತೊಡಗಿದಳು.

ಪರದೆಯ ಮೇಲೆ ಡಾಕ್ಟರು ಬಂದರು, ಹೋದರು, ಮತ್ತೆ ಬಂದರು. ಚಿತ್ರ ಚೂರುಚೂರಾಗುತ್ತಿತ್ತು. ಆಗ ತಲೆಯ ಮೇಲೆ ತಗಡಿನ ಮೇಲೆ ಯಾರೋ ಓಡಾಡುವ ಸದ್ದಾಯಿತು. ಡಿಶ್ಶಿನ ನಡುಕ ನಿಂತಿತು. ಚಿತ್ರವೂ ಚೊಕ್ಕವಾಗಿ ನಿಂತಿತು.

"ನೀವು ಕೆಲ್ಸ ನೋಡ್ಕಳಿ," ಮೇಲಿನಿಂದ ಕೂಗು ಬಂತು. "ನಾನ್ ಹಿಡ್ಕಂಡಿವ್ನಿ."

ಆ ದನಿ ಕೇಳಿ ಲತಾಮಣಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಎರಡು ಮಿಸ್ಡ್ ಕಾಲಿಗೆ, ಅವತ್ತಿನ ಸರದಿ ಎಲ್ಲಿಯದೆಂದು ಗೊತ್ತಿದ್ದ ಅವನು ಅಂಗಡಿ ಮುಚ್ಚಿ, ಸಿಕ್ಕ ಬಸ್ಸು ಹತ್ತಿ, ಹಳೇಬೀಡಿನಿಂದ ಆಟೋ ಹಿಡಿದು ಬಂದಿದ್ದ. ಅವಳು ತಲೆ ಎತ್ತಿ ವ್ಯಾನಿನ ಒಳಚಾವಣಿಯನ್ನು ಒಂದು ಸಲ ನೋಡಿದಳು, ಅಷ್ಟೇ. ನಂತರ ಇ.ಸಿ.ಜಿ. ಕಳಿಸಿದಳು.

ಹತ್ತು ನಿಮಿಷ ಡಾಕ್ಟರು ಕಾಗದ ನೋಡಿದರು, ಪ್ರಶ್ನೆ ಕೇಳಿದರು, ಒತ್ತಿ ನೋಡಿಸಿದರು. ಕೊನೆಗೆ ನಕ್ಕರು. "ಹೃದಯ ಗಟ್ಟಿಯಾಗಿದೆ ಅಮ್ಮ. ಏನು ಭಾರ ಎತ್ತಿದ್ರಿ?"

"ಹಿಂಡಿ ಮೂಟೆ ಸ್ವಾಮಿ. ಹಸಾ ಕೂಗ್ತಿತ್ತು. ಹೊಟ್ಟೇಗೂ ಏನೂ ತಿಂದಿರ್ಲಿಲ್ಲ."

"ನೋವಿಗೆ ಒಂದು ಮಾತ್ರೆ, ಗ್ಯಾಸಿಗೆ ಒಂದು. ಮೂಟೆ ಮಗ ಎತ್ತಲಿ. ನಾಳೆ ಒಂದು ಸಲ ತಾಲ್ಲೂಕು ಆಸ್ಪತ್ರೇಲಿ ತೋರಿಸಿ, ಹೆದರ್ಬೇಡಿ."

ಸತೀಶ್ ಗೋಡೆಗೆ ಒರಗಿ ಕುಸಿದು ಕೂತ. ಕೆಂಪಲಕ್ಷ್ಮಮ್ಮ ಮಾತ್ರ ಎದ್ದು ಸೀರೆ ಸರಿಮಾಡಿಕೊಂಡು, "ಹಸಕ್ಕೆ ಹಾಕಿದ್ಯೇನ್ಲಾ?" ಎಂದು ಮಗನನ್ನು ಗದರಿದಳು.

ಲತಾಮಣಿ ಏಣಿ ಹತ್ತಿದಳು. ಭೀಮರಾಜ್ ಡಿಶ್ಶಿನ ಬೆನ್ನಿಗೆ ಬೆನ್ನು ಕೊಟ್ಟು ಎರಡು ಹಗ್ಗವನ್ನು ತೋಳಿಗೆ ಸುತ್ತಿಕೊಂಡು ಕೂತಿದ್ದ. ತೋಳಿನ ಮೇಲೆ ಹಗ್ಗದ ಗುರುತು ಕೆಂಪಗೆ ಎದ್ದಿತ್ತು. ಮಾತಿಗೆ ಹೊತ್ತಿರಲಿಲ್ಲ. ಅವಳು ಮೂತಿ ಬಿಚ್ಚಿದಳು, ಅವನು ಡಿಶ್ಶನ್ನು ಮಗುಚಿ ಟ್ಯೂಬಿನ ಮೇಲೆ ಮಲಗಿಸಿದ, ಅವಳು ಪಿನ್ನು ತೂರಿಸಿ ಕ್ಲಿಪ್ಪು ಹಾಕಿದಳು. ಕವರು ಎಳೆದರು, ಬಾಯಿ ಹಿಂದಕ್ಕೆ. ಅದರ ಮೇಲೆ ಆ ನಾಲ್ಕು ಹಗ್ಗಗಳನ್ನೇ ಬಿಗಿದು, ನಾಲ್ಕೂ ಲಾರಿ ಗಂಟುಗಳನ್ನು ಅವಳೇ ಹಾಕಿದಳು, ಒಂದೂ ತಪ್ಪದೆ, ಸರಸರನೆ.

ಭೀಮರಾಜ್ ಗಂಟುಗಳನ್ನು ನೋಡಿದ. ಅವಳನ್ನು ನೋಡಿದ. "ಇದು ಯಾವತ್ತಿಂದ ಬತ್ತದೆ ನಿಮಗೆ?"

"ಮೊದಲನೇ ದಿನದಿಂದ."

ಗಾಳಿ ಅವರಿಬ್ಬರ ತಲೆಯ ಮೇಲಿಂದ ಹಾದು ಹೋಯಿತು. ಕವರು ಅಲುಗಲಿಲ್ಲ. ಅವನ ಮುಖದಲ್ಲಿ ನಗು ನಿಧಾನವಾಗಿ ಹರಡಿತು. ಹಾಗೆಯೇ ಅರ್ಧಕ್ಕೆ ನಿಂತಿತು. "ಶ್ರಾವಣ ಬರ್ಲಿ..." ಎಂದು ಶುರುಮಾಡಿದ.

ಇವತ್ತು ಲತಾಮಣಿಗೆ ತಾಳ್ಮೆ ಉಳಿದಿರಲಿಲ್ಲ. "ಶ್ರಾವಣ, ಶ್ರಾವಣ. ನಿಮ್ಮ ಮನೇಲಿ ಅಷ್ಟೊಂದು ಶಾಸ್ತ್ರ ನೋಡ್ತಾರಾ?"

"ನಮ್ಮನೇಲಾ? ನಿಮ್ಮನೇಲಿ ನೋಡ್ತಾರೆ ಅಂತ ನಾನು ಬಾಯಿ ಕಟ್ಕೊಂಡಿವ್ನಿ."

"ಯಾರು ಹೇಳಿದ್ದು?"

"ಹೊರಡೋವಾಗೆಲ್ಲ ವ್ಯಾನಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸ್ತೀರಲ್ಲ ಮತ್ತೆ."

"ಅದು ಹೊನ್ನಯ್ಯಂದು ಕಣ್ರೀ. ನಿಮ್ಮಂಗಡಿ ಬಾಗಿಲಿಗೆ ಇರೋದು?"

"ಅದು ದೇವೀರಪ್ಪಂದು. ಅಂಗಡಿ ಅವರದು, ಬಾಗ್ಲೂ ಅವರದು. ನಮ್ಮಪ್ಪ ತಮ್ಮಯ್ಯ ನಂಗೆ ಏಳು ವರ್ಷ ಇದ್ದಾಗ್ಲೇ ಬುದ್ಧನ ದಾರಿ ಹಿಡಿದೋರು. ನಮ್ಮನೇಲಿ ಆಷಾಢಾನೂ ಇಲ್ಲ, ರಾಹುಕಾಲಾನೂ ಇಲ್ಲ."

ಲತಾಮಣಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ನಮ್ಮಮ್ಮ ಸಣ್ಣತಾಯಮ್ಮ ನನ್ನ ಅಕ್ಕನ ಮದುವೆ ಮಾಡಿದ್ದೇ ಆಷಾಢದಲ್ಲಿ. ಛತ್ರ ಖಾಲಿ ಇರುತ್ತೆ ಅಂತ, ಬುದ್ಧ ವಂದನೆ ಹೇಳಿ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಯಾರದೋ ನಿಂಬೆಹಣ್ಣಿಗೆ ಹೆದರಿ ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗೆಯ ನೀರಾಗಿ ಉಳಿಯಲಿಲ್ಲ.

"ಯಾಕೆ?" ಎಂದು ಅವನು ಗಾಬರಿಯಾಗಿ ಹತ್ತಿರ ಸರಿದ.

"ಇವತ್ತು ಡಿಶ್ಶು ಮುರಿದಿದ್ರೆ ನಾನು ಹೊರಟುಹೋಗ್ತಿದ್ದೆ. ಹೇಳದೇನೇ ಹೋಗ್ತಿದ್ದೆ. ನನಗೆ ನೀವಂದ್ರೆ ಇಷ್ಟ ಕಣ್ರೀ. ಅಷ್ಟು ಹೇಳೋಕೆ ಎಷ್ಟು ರಾತ್ರಿ ನಿದ್ದೆ ಕೆಟ್ಟಿದೀನಿ ಗೊತ್ತಾ?"

ಭೀಮರಾಜ್ ಈ ಸಲ ಹಗ್ಗವನ್ನು ಹಿಡಿಯಲಿಲ್ಲ. ಅವಳ ಕೈಯನ್ನೇ ಹಿಡಿದ.

"ಎಲ್ಲಿಗೆ ಹೋಗ್ತಿದ್ರಿ?" ಎಂದ.

"ಯಾರಿಗೆ ಗೊತ್ತು. ಯಾವುದೋ ಜಿಲ್ಲೆ."

"ಹೋದ ಸೋಮವಾರಾನೇ ದೇವೀರಪ್ಪಂಗೆ ಹೇಳಿವ್ನಿ. ಮೊರದ ವ್ಯಾನ್ ಈ ಊರು ಬಿಟ್ರೆ ನಾನೂ ಮಿಷನ್ ಎತ್ಕೊಂಡು ಅದರ ಹಿಂದೆ ಹೋಯ್ತೀನಿ, ಅಂಗಡಿ ಬೇರೆಯವರಿಗೆ ಕೊಟ್ಕಳಿ ಅಂತ."

"ಇಷ್ಟು ದಿನದ ಅಂಗಡಿ ಬಿಟ್ಟಾ?"

"ಟಾರ್ಪಾಲು ಹರಿಯದ ಊರು ಯಾವ್ದೈತೆ ಲತಾ?"

ಲತಾಮಣಿ ಅವನನ್ನೇ ನೋಡಿದಳು. ಇಷ್ಟು ದಿನ ಅವಳು ಕಾಯ್ದದ್ದು ಮುರಿಯಬಹುದಾದ ಡಿಶ್ಶನ್ನು. ಕಳೆದುಹೋಗುತ್ತದೆಂದು ಹೆದರಿದ್ದು, ಕಳೆಯುವ ಪ್ರಶ್ನೆಯೇ ಇಲ್ಲದಿದ್ದ ಈ ಮನುಷ್ಯನನ್ನು.

"ಮೊದಲೇ ಹೇಳೋಕೇನಾಗಿತ್ತು ನಿಮಗೆ?" ಎಂದು ಅವನ ಭುಜಕ್ಕೆ ಒಂದು ಗುದ್ದು ಕೊಟ್ಟು, ಅದೇ ಭುಜಕ್ಕೆ ತಲೆ ಆನಿಸಿದಳು.

"ಮಾದಿಹಳ್ಳಿಯೆಲ್ಲ ನೋಡ್ತೈತೆ ಕಣ್ರವ್ವ," ಎಂದು ಕೆಳಗಿನಿಂದ ಹೊನ್ನಯ್ಯ ಕೂಗಿದ. "ಇಳೀತೀರೋ, ಅಲ್ಲೇ ಊಟ ಕಳಿಸ್ಲೋ?"

ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಬಾಣಾವರಕ್ಕೆ ಬನ್ನಿ, ಈ ಭಾನುವಾರವೇ, ಎಂದು ಲತಾಮಣಿ ಏಣಿ ಇಳಿಯುತ್ತಲೇ ಅಪ್ಪಣೆ ಕೊಟ್ಟಳು. ಅವನು ಬತ್ತೀನಿ ಎಂದ.

ವ್ಯಾನು ಹೊರಟಿತು. ಹಳೇಬೀಡು ದಾಟುವಷ್ಟರಲ್ಲಿ ಗಾಳಿ ಇನ್ನೂ ಜೋರಾಯಿತು. ಹೊನ್ನಯ್ಯ ಮೇಲೆ ಏನಾಗುತ್ತಿದೆಯೋ ಎಂದು ಎರಡು ಸಲ ನಿಲ್ಲಿಸಿ ಇಳಿದು ನೋಡಿ ಬಂದ. ಮುಂದಿನ ಸೀಟಿನಲ್ಲಿ ಲತಾಮಣಿ ಭೀಮರಾಜನ ಭುಜದ ಮೇಲೆ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು. ಅವಳಿಗೆ ಎಚ್ಚರವಾದದ್ದು ಅರಸೀಕೆರೆಯಲ್ಲಿ.